ಅಂಚು ಸವೆದ ಹೊರಸು

ಬಹಳ ಹಿಂದಿನ ಮಾತು. ಆಗ ಯಾವ ಅರಸ ಆಳುತ್ತಿದ್ದ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ, ನನಗೆ ಹೇಳಿದ ಹಿರಿಯರಿಗೂ ಗೊತ್ತಿರಲಿಲ್ಲ. ಹೊಳೆಯ ದಂಡೆಗೆ ಹೊಳೆಗುಪ್ಪಿ ಎಂಬ ಊರಿತ್ತು. ಆ ಊರಿನಲ್ಲಿ ಮೋನಪ್ಪ ಎಂಬ ಬಡಿಗನಿದ್ದ. ನೇಗಿಲು ಮಾಡುತ್ತಿದ್ದ, ಬಾಗಿಲು ಮಾಡುತ್ತಿದ್ದ, ಆದರೆ ಅವನ ಹೆಸರು ನಿಂತದ್ದು ಹೊರಸಿನಿಂದ, ಅಂದರೆ ಹಗ್ಗದ ಮಂಚದಿಂದ. ನಾಲ್ಕು ಕಾಲು, ನಾಲ್ಕು ಪಟ್ಟಿ, ಮೇಲೆ ಪುಂಡಿ ನಾರಿನ ಹಗ್ಗದ ಹೆಣಿಗೆ. ಅವನು ಹೆಣೆದ ಹೊರಸಿನ ಮೇಲೆ ನೀರು ಸುರಿದರೆ ನೀರೂ ನಿಲ್ಲುತ್ತಿತ್ತು ಎನ್ನುತ್ತಾರೆ. ನಿಲ್ಲುತ್ತಿರಲಿಲ್ಲ. ಹಗ್ಗದ ಮೇಲೆ ನೀರು ನಿಲ್ಲುವುದಿಲ್ಲ. ಹೆಣಿಗೆ ಅಷ್ಟು ಬಿಗಿಯಾಗಿತ್ತು ಎಂದು ಅರ್ಥ ಮಾಡಿಕೊಳ್ಳಿ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮನೆಯ ಹಿರಿಯರು ಎಲ್ಲಾದರೂ ಎಡವಿ ಬಿದ್ದರೆ, ಮಕ್ಕಳು ಅವತ್ತೇ ಮೋನಪ್ಪನಿಗೆ ಹೊಸ ಹೊರಸು ಹೇಳುತ್ತಿದ್ದರು. ಹೊರಸು ಬಂದ ದಿನ ಹಿರಿಯರ ಕಾಲು ತೊಳೆದು, ಅರಿಸಿನ ಹಚ್ಚಿ, ಎತ್ತಿ ಅದರ ಮೇಲೆ ಮಲಗಿಸುತ್ತಿದ್ದರು. ಆಮೇಲೆ ಅವರ ಪಾದ ನೆಲ ಮುಟ್ಟುವಂತಿಲ್ಲ. ಇದಕ್ಕೆ ಮಣ್ಣು ಬಿಡಿಸುವುದು ಎಂದು ಹೆಸರು. ಊಟ ಅಲ್ಲಿಗೇ, ನೀರು ಅಲ್ಲಿಗೇ. ಹಿತ್ತಲಿಗೆ ಹೋಗಬೇಕೆಂದರೆ ಇಬ್ಬರು ಹೊತ್ತು ಒಯ್ಯಬೇಕು. ಬಾವಿಯ ಹತ್ತಿರ ಸೊಸೆಯಂದಿರು ಹೇಳಿಕೊಳ್ಳುತ್ತಿದ್ದರು: ನಮ್ಮ ಅತ್ತಿ ಕಾಲಿಗೆ ಮಣ್ಣು ಹತ್ತಿ ತಿಂಗಳಾತು. ಕೇಳಿದವರು, ಪುಣ್ಯವಂತ್ರು ಬಿಡವಾ, ಎನ್ನುತ್ತಿದ್ದರು. ನಗಬೇಡಿ. ಅವರು ಮಾಡುತ್ತಿದ್ದುದು ಅಕ್ಕರೆಯಿಂದ. ಅಕ್ಕರೆ ಇದ್ದಲ್ಲಿ ತಪ್ಪು ಕಾಣುವುದು ಕಷ್ಟ, ಅಷ್ಟೇ.

ಹಿರಿಯರು ತೀರಿಕೊಂಡ ಮೇಲೆ ಹಗ್ಗ ಬಿಚ್ಚಿ ಹೊಳೆಗೆ ಬಿಡುತ್ತಿದ್ದರು. ಬರಿಯ ಚೌಕಟ್ಟು ಮೋನಪ್ಪನ ಮನೆಗೆ ವಾಪಸು ಬರುತ್ತಿತ್ತು. ಅವನು ತೊಳೆದು, ಒಣಗಿಸಿ, ಇನ್ನೊಬ್ಬ ಹಿರಿಯರಿಗೆ ಹೆಣೆಯುತ್ತಿದ್ದ.

ಮೋನಪ್ಪನ ತಾಯಿ ಬಿದ್ದಳು. ಅವನು ಅವಳಿಗಾಗಿ ಜನ್ಮದಲ್ಲೇ ಮಾಡದಂಥ ಹೊರಸು ಮಾಡಿದ. ಸಾಗವಾನಿ ಕಾಲು, ಎರಡು ಸುತ್ತು ಹುರಿ ಮಾಡಿದ ಹಗ್ಗ, ಮೇಲೆ ಹತ್ತಿಯ ಮೆತ್ತನೆಯ ಹಾಸಿಗೆ. ಮಣ್ಣು ಬಿಡಿಸಿದ. ನಾಲ್ಕನೆಯ ದಿನ ತಾಯಿ ಕರೆದು, ಮೋನಾ, ನನ್ನ ಒಮ್ಮೆ ಒಲಿ ತನಕಾ ಬಿಡಪಾ, ಎಂದು ಕೇಳಿದಳು. ಹೊರಸು ಮಾಡುವವನೇ ತಾಯಿಯನ್ನು ನಡೆಸಿದರೆ ಊರು ನಗುತ್ತದೆ ಎಂದು ಅವನು ಬಿಡಲಿಲ್ಲ. ಮತ್ತೆ ಕೇಳಿದಳು. ಬಿಡಲಿಲ್ಲ. ಮೂರನೆಯ ಸಲ ಅವಳು ಕೇಳಲಿಲ್ಲ. ಎರಡನೆಯ ಅಮಾವಾಸ್ಯೆಗೆ ತೀರಿಕೊಂಡಳು.

ಹಗ್ಗ ಬಿಚ್ಚಲು ಅವನೇ ಕುಳಿತ. ಬಿಚ್ಚುತ್ತ ಬಿಚ್ಚುತ್ತ ಅವನ ಕೈ ನಿಂತಿತು. ನಡುವಿನ ಹಗ್ಗ ಒಂದು ಗೇಣು ಜಗ್ಗಿತ್ತು. ಅಂಚಿನ ಹಗ್ಗ ಹೆಣೆದ ದಿನ ಇದ್ದಂತೆಯೇ ಇತ್ತು, ಒಂದು ಎಳೆಯೂ ಎದ್ದಿರಲಿಲ್ಲ. ಅದೇ ವಾರ ಕುಂಬಾರರ ತಿಪ್ಪವ್ವ ತನ್ನ ಹೊರಸನ್ನು ರಿಪೇರಿಗೆ ಕಳಿಸಿದ್ದಳು. ತಿಪ್ಪವ್ವ ಅವನ ತಾಯಿಗಿಂತ ಹಿರಿಯಳು. ಎಂಟು ವರ್ಷದ ಹಿಂದೆ ಬಿದ್ದವಳು. ಅವಳ ಮನೆಯಲ್ಲಿ ಎಲ್ಲರೂ ಹೊತ್ತು ಹುಟ್ಟುವ ಮೊದಲೇ ಮಣ್ಣು ತುಳಿಯಲು ಹೋಗುತ್ತಿದ್ದರು, ಅವಳನ್ನು ಹೊತ್ತು ತಿರುಗಲು ಯಾರಿಗೂ ಪುರುಸೊತ್ತಿರಲಿಲ್ಲ. ನೀರು ಬೇಕಾದರೆ ಅವಳೇ ಏಳಬೇಕು. ಅವಳ ಹೊರಸಿನಲ್ಲಿ ನಡು ಗಟ್ಟಿಯಾಗಿತ್ತು, ದಿನಾ ಅಂಚಿಗೆ ಕುಳಿತು ಎದ್ದು ಅಂಚಿನ ಹಗ್ಗ ಸವೆದು ಹರಿದಿತ್ತು. ಅದೂ ನಾಲ್ಕನೆಯ ಸಲ.

ಮೋನಪ್ಪ ಎರಡೂ ಹಗ್ಗಗಳನ್ನು ತೊಡೆಯ ಮೇಲಿಟ್ಟುಕೊಂಡು ಅವತ್ತೆಲ್ಲ ಕುಳಿತಿದ್ದ ಎನ್ನುತ್ತಾರೆ. ಇದನ್ನು ನಾನು ನಂಬುತ್ತೇನೆ.

ಅಂದಿನಿಂದ ಅವನು ಒಂದು ಕೆಲಸ ಹಿಡಿದ. ಯಾರಿಗೇ ಹೊರಸು ಕೊಟ್ಟರೂ ಅದೇ ಹಗ್ಗದ ಒಂದು ತುಂಡನ್ನು ತನ್ನ ಮನೆಯ ಗೋಡೆಯ ಗೂಟಕ್ಕೆ ತೂಗು ಹಾಕುತ್ತಿದ್ದ. ಅಮಾವಾಸ್ಯೆಯ ದಿನ ಬಡಿಗರು ಉಳಿ, ಬಾಚಿ ಮುಟ್ಟುವುದಿಲ್ಲ. ಆ ದಿನ ಅವನು ಮನೆ ಮನೆಗೆ ಹೋಗಿ, ಹಿರಿಯರ ಹತ್ತಿರ ಕುಳಿತು, ಎಷ್ಟು ಸಲ ಎದ್ದಿರಿ, ಏನು ಉಂಡಿರಿ, ಎಲ್ಲಿಯ ತನಕ ನಡೆದಿರಿ ಎಂದು ಕೇಳಿ, ಕೈಯಿಂದ ಅಂಚಿನ ಹಗ್ಗವನ್ನು ಸವರಿ ನೋಡಿ ಬರುತ್ತಿದ್ದ. ಬಂದು ಅವರವರ ಹಗ್ಗಕ್ಕೆ ಒಂದೊಂದು ಗಂಟು ಹಾಕುತ್ತಿದ್ದ. ಹೊಳೆಗೆ ಬಿಡದೆ ಇಟ್ಟುಕೊಂಡಿದ್ದ ತಾಯಿಯ ಅಂಚಿನ ಹಗ್ಗಕ್ಕೂ ಎರಡು ಗಂಟು ಹಾಕಿದ. ಚೌಕಟ್ಟು ವಾಪಸು ಬಂದ ಮೇಲೆ ಆ ಹಗ್ಗಕ್ಕೆ ಮತ್ತೆ ಗಂಟಿಲ್ಲ. ನಡು ಜಗ್ಗಿದವರದು ಎಡಗೋಡೆಗೆ, ಅಂಚು ಸವೆದವರದು ಬಲಗೋಡೆಗೆ. ಹನ್ನೆರಡು ವರ್ಷ ಹೀಗೆ ಮಾಡಿದ. ಗೋಡೆಯ ಮೇಲೆ ಸಾವಿರ ಹಗ್ಗ ಇದ್ದವು ಎನ್ನುತ್ತಾರೆ. ಹೊಳೆಗುಪ್ಪಿಯಲ್ಲಿ ಸಾವಿರ ಮನೆಯೇ ಇರಲಿಲ್ಲ. ಎಪ್ಪತ್ತು ಅನ್ನಿ, ಸಾಕು.

ಎಡಗೋಡೆಯ ಹಗ್ಗಗಳಿಗೆ ಎರಡು ಗಂಟು, ಮೂರು ಗಂಟು, ಹೆಚ್ಚೆಂದರೆ ಐದು. ಗಂಟಿಗೆ ಜಾಗ ಸಾಲದೆ ತುಂಡಿಗೆ ತುಂಡು ಸೇರಿಸಿದ ಬಲಗೋಡೆಯ ಹಗ್ಗಗಳು ನೆಲಕ್ಕೆ ತಾಗಿ, ಸುರುಳಿ ಸುತ್ತಿಕೊಂಡಿದ್ದವು.

ಮೋನಪ್ಪ ಅವನ್ನೆಲ್ಲ ಹೆಗಲ ಮೇಲೆ ಹಾಕಿಕೊಂಡು ಊರ ಕಟ್ಟೆಗೆ ಹೋದ. ಹೇಮನಗೌಡ ಆಗ ಊರ ಗೌಡ. ಬುದ್ಧಿವಂತ, ನ್ಯಾಯವಂತ, ಆದರೆ ನಾಲಿಗೆ ಚುರುಕು. ಮೋನಪ್ಪ ಹಗ್ಗ ಹರಡಿ, ಮಣ್ಣು ಬಿಡಿಸುವುದನ್ನು ಬಿಡೋಣ, ಹಿರಿಯರನ್ನು ಎಬ್ಬಿಸೋಣ, ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹೊರಸು ಮಾಡಿ ಮಾಡಿ ಬ್ಯಾಸರಾತೇನೋ, ಎಂದು ಯಾರೋ ಚೇಷ್ಟೆ ಮಾಡಿದರು. ಗೌಡ ಮಾತ್ರ ಹಗ್ಗಗಳನ್ನು ಒಂದೊಂದಾಗಿ ಎತ್ತಿ ನೋಡಿದ. ನೋಡಿ ಹೇಳಿದ:

"ಮೋನಪ್ಪಾ, ಸಾಯಾಕ ಹೊಂಟವರು ಮಲಗತಾರ. ಕಸುವಿದ್ದವರು ಏಳತಾರ. ಎದ್ದಿದ್ದಕ್ಕ ಬದುಕಿದ್ರೋ, ಬದುಕೋರಿದ್ರು ಅಂತ ಎದ್ರೋ? ಮುದುಕಿ ಕೋಳಿ ಕೂಗಿದ್ದಕ್ಕ ಬೆಳಗಾತು ಅಂದಂಗಾತು ನಿಂದು."

ಕಟ್ಟೆಯೆಲ್ಲ ನಕ್ಕಿತು. ಮೋನಪ್ಪ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಆಮೇಲೆ, "ಖರೇ ಅದ ಗೌಡ್ರ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ," ಎಂದು ಹಗ್ಗ ಸುತ್ತಿಕೊಂಡು ಮನೆಗೆ ಹೋದ.

ಇಲ್ಲಿ ಸ್ವಲ್ಪ ನಿಲ್ಲಿ. ಹನ್ನೆರಡು ವರ್ಷ ಕೂಡಿಸಿದ್ದನ್ನು ಒಂದೇ ಮಾತು ಕೆಡವಿತು. ಆ ಮಾತು ಖರೆ ಎಂದು ಊರ ಮುಂದೆ ಒಪ್ಪಿಕೊಂಡ. ಇಂಥವರನ್ನು ನನ್ನ ಆಯುಷ್ಯದಲ್ಲಿ ನಾನು ಇಬ್ಬರನ್ನೂ ಕಂಡಿಲ್ಲ. ಜನ ಅವನ ಹೊರಸನ್ನು ಹೊಗಳುತ್ತಾರೆ. ನಾನು ಈ ಮಾತನ್ನು ಹೊಗಳುತ್ತೇನೆ.

ಅವನಿಗೆ ಒಂದು ಗೊತ್ತಾಯಿತು: ತಾನಾಗಿ ಏಳುವವರನ್ನು ನೋಡಿ ಪ್ರಯೋಜನವಿಲ್ಲ. ಮಲಗಿದವರನ್ನು ಎಬ್ಬಿಸಿ ನೋಡಬೇಕು. ಆದರೆ ಯಾರು ಬಿಡುತ್ತಾರೆ? ಹತ್ತು ಮನೆಯವರು ಬಾಗಿಲು ಹಾಕಿಕೊಂಡರು. ಗಾಣಿಗೇರ ಮನೆಯವರು ಒಪ್ಪಿದರು. ಅವರ ಬಸಲಿಂಗಜ್ಜ ಎಣ್ಣೆ ಚೆಲ್ಲಿದ ಕಡೆ ಜಾರಿ ಬಿದ್ದಿದ್ದ. ಮೂರನೆಯ ದಿನ ಮೋನಪ್ಪ ಹೋಗಿ, ತೋಳು ಕೊಟ್ಟು ಅವನನ್ನು ಎಬ್ಬಿಸಿ ನಿಲ್ಲಿಸಿದ. ಬಸಲಿಂಗಜ್ಜನ ಕೂಗು ಹೊಳೆಯ ಆಚೆ ದಂಡೆಗೆ ಕೇಳಿತು ಎನ್ನುತ್ತಾರೆ. ಅಜ್ಜನ ಸೊಂಟದ ಎಲುಬು ಮುರಿದಿತ್ತು. ಮುರಿದ ಎಲುಬಿನ ಮೇಲೆ ಮೋನಪ್ಪ ಅವನನ್ನು ನಿಲ್ಲಿಸಿದ್ದ. ಅಜ್ಜ ಒಂದು ತಿಂಗಳು ನರಳಿ ಸತ್ತ.

ಮೋನಪ್ಪ ಓಡಿಹೋಗಲಿಲ್ಲ. ಬಸಲಿಂಗಜ್ಜನ ಹಗ್ಗವನ್ನು ಮಸಿಯಲ್ಲಿ ಅದ್ದಿ, ಬಂದವರಿಗೆಲ್ಲ ಕಾಣಲಿ ಎಂದು ತನ್ನ ಬಾಗಿಲ ಮೇಲೆಯೇ ಕಟ್ಟಿದ. ಅದು ಯಾಕೆ ಅಲ್ಲಿ ಎಂದು ಕೇಳಿದರೆ, ನಾ ನೋಡದ ಎಬ್ಬಿಸಿದ್ದು ಅದು, ಎನ್ನುತ್ತಿದ್ದ. ಆಮೇಲೆ ಮೂರು ದಿನದ ದಾರಿ ನಡೆದು, ಎಲುಬು ಕಟ್ಟುವ ಒಬ್ಬ ಮುದುಕನ ಹತ್ತಿರ ಹೋಗಿ ಕುಳಿತ. ಮುದುಕ ಹೇಳಿಕೊಟ್ಟ: ಮಲಗಿದವರ ಎರಡೂ ಕಾಲು ಜೋಡಿಸಿ ನೋಡು. ಒಂದು ಕಾಲು ಗಿಡ್ಡಾಗಿ, ಪಾದ ಹೊರಗೆ ಹೊರಳಿ ಬಿದ್ದಿದ್ದರೆ ಮುಟ್ಟಬೇಡ, ನಮ್ಮಂಥವರನ್ನು ಕರೆಸು. ಮೋನಪ್ಪ ಒಂದು ವರ್ಷ ಅಲ್ಲೇ ಇದ್ದು, ಕಣ್ಣು ಪಳಗಿಸಿಕೊಂಡು ಬಂದ.

ಅವನು ಬಂದ ವರ್ಷವೇ ಗೌಡನ ತಾಯಿ ನಿಂಬೆವ್ವ ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು.

ನಿಂಬೆವ್ವ ಅಂದರೆ ಹೊಳೆಗುಪ್ಪಿಗೆ ತಾಯಿ ಇದ್ದಂತೆ. ಅರ್ಧ ಊರು ಅವಳ ಕೈಯಲ್ಲಿ ಹುಟ್ಟಿತ್ತು. ಗೌಡ ಊರಿಗೇ ಇಲ್ಲದಂಥ ಹೊರಸು ಮಾಡು ಎಂದು ಹೇಳಿ ಕಳಿಸಿದ. ಮೋನಪ್ಪ ಬಂದ. ಮೊದಲು ಅವಳ ಎರಡೂ ಕಾಲು ಜೋಡಿಸಿ ನೋಡಿದ. ಸಮ ಇದ್ದವು. ಪಾದ ನೆಟ್ಟಗಿತ್ತು. ಸೊಂಟ ಒತ್ತಿ ನೋಡಿದ, ಮಂಡಿ ಮಡಚಿ ನೋಡಿದ. ನೋಡಿ ಹೊರಗೆ ಬಂದು, ಹೊರಸು ಮಾಡುತ್ತೇನೆ, ಆದರೆ ಮಣ್ಣು ಬಿಡಿಸುವುದಕ್ಕೆ ಅಲ್ಲ, ದಿನಾ ಮಣ್ಣು ಮುಟ್ಟಿಸುವುದಕ್ಕೆ, ಎಂದ.

ಗೌಡನ ಮುಖ ಕೆಂಪಾಯಿತು. "ಬಸಲಿಂಗಜ್ಜನ್ನ ತಿಂದಿದ್ದು ಸಾಲಲಿಲ್ಲೇನು? ಈಗ ನಮ್ಮವ್ವ ಬೇಕೇನು ನಿನಗ?"

ಮೋನಪ್ಪ ಹೇಳಿದ: "ಅವತ್ತು ನೋಡದ ಎಬ್ಬಿಸಿದೆ ಗೌಡ್ರ. ಇವತ್ತು ನೋಡೀನಿ. ಮೂರು ಅಮಾಸಿ ಒಳಗ ಈ ಹೊರಸು ನನ್ನ ಮನಿಗೆ ವಾಪಸ್ ಬಂದ್ರ, ಬಾಚಿ ನಿಮ್ಮ ಕಟ್ಟಿ ಮ್ಯಾಲ ಇಟ್ಟು ಊರು ಬಿಡ್ತೀನಿ."

ನಿನ್ನ ಬಾಚಿ ತಗೊಂಡು ನಾ ಏನು ಮಾಡಲಿ, ನಮ್ಮವ್ವನ್ನ ತಂದು ಕೊಡತದೇನು ಅದು, ಎಂದು ಗೌಡ ಕೇಳಿದ. ಆಗ ಒಳಗಿನಿಂದ ಒಂದು ದನಿ ಬಂತು.

"ಯಾರರ ನನ್ನ ಕೇಳೀರೇನು?"

ಎಲ್ಲರೂ ತಿರುಗಿ ನೋಡಿದರು. ನಿಂಬೆವ್ವ ಮಲಗಿದ್ದಲ್ಲಿಂದಲೇ ಮಾತಾಡುತ್ತಿದ್ದಳು.

"ಎಂಟು ದಿನ ಆತು. ಹಿತ್ತಲಕ್ಕ ಇಬ್ಬರು ಹೊತ್ಕೊಂಡು ಒಯ್ತೀರಿ, ಇಬ್ಬರು ನಿಂತು ನೋಡ್ತೀರಿ. ನಾ ಏನು ಪಲ್ಲಕ್ಕಿ ದೇವರೇನು? ಸತ್ರ ಸಾಯ್ತೀನಿ, ನನ್ನ ಕಾಲ ಮ್ಯಾಲ ಹಿತ್ತಲಕ್ಕ ಹೋಗಿ ಸಾಯ್ತೀನಿ. ಮೋನ್ಯಾ, ಬಾ ಇಲ್ಲಿ. ಏನ್ ಮಾಡ್ಬೇಕು ಹೇಳು."

ಗೌಡ ತಾಯಿಯ ಮಾತು ಮೀರಿದವನಲ್ಲ. ದಾರಿ ಬಿಟ್ಟ.

ಮೋನಪ್ಪ ಮಾಡಿದ ಆ ಹೊರಸು ಉಳಿದವುಗಳಂತೆ ಇರಲಿಲ್ಲ. ನಿಂಬೆವ್ವನ ಮಂಡಿಯ ಎತ್ತರ ಅಳೆದು, ಅದಕ್ಕಿಂತ ಎರಡು ಬೆರಳು ಎತ್ತರ ಮಾಡಿದ. ತಗ್ಗಿನ ಹೊರಸಿನಿಂದ ಏಳುವುದು ಬಾವಿಯಿಂದ ಏಳುವಂತೆ ಎಂದು ಅವನಿಗೆ ತಿಳಿದಿತ್ತು. ಅಂಚಿನ ಹಗ್ಗ ಎರಡು ಸುತ್ತು ಹಾಕಿದ. ಮೆತ್ತನೆಯ ಹಾಸಿಗೆ ಬೇಡ, ಒಂದು ಕೌದಿ ಸಾಕು ಎಂದ. ತೊಲೆಯಿಂದ ಕೈಗೆ ಸಿಗುವಂತೆ ಒಂದು ಹಗ್ಗ ಇಳಿಬಿಟ್ಟ, ಹಿಡಿದು ಏಳುವುದಕ್ಕೆ. ಬಚ್ಚಲಲ್ಲಿ ಒಂದು ಗೂಟ ಹುಗಿದ, ಹೊಸ್ತಿಲಿನ ಎರಡೂ ಕಡೆ ಒಂದೊಂದು ಚಪ್ಪಟೆ ಕಲ್ಲು ಇಟ್ಟ. ಬರೀ ಗಂಜಿ ಬೇಡ, ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಡಿ, ಬೇಳೆ ಕೊಡಿ, ತಿನ್ನದೆ ಕಾಲಿಗೆ ಕಸುವು ಎಲ್ಲಿಂದ ಬರಬೇಕು ಎಂದ. ಆಮೇಲೆ ಗೌಡರ ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತಂದು ಹೊರಸಿನ ಮುಂದೆ ಹರಡಿ, ನಿಂಬೆವ್ವನ ಪಾದ ಅದರ ಮೇಲೆ ಇಡಿಸಿದ.

ಮೊದಲ ದಿನ ಬರೀ ಕುಳಿತಳು. ಸೊಸೆ ಕಲ್ಲವ್ವ ಒಂದು ಸೇರು ಜೋಳ ಬೀಸುವಷ್ಟು ಹೊತ್ತು. ಮರುದಿನ ಸೇರಿನ ಮೇಲೆ ಒಂದು ಹಿಡಿ. ಅದರ ಮರುದಿನ ಎರಡು ಹಿಡಿ. ಹೀಗೆ ಕಲ್ಲವ್ವನ ಬೀಸುಕಲ್ಲೇ ಅಳತೆ. ಅಮಾವಾಸ್ಯೆ ಬರುವಷ್ಟರಲ್ಲಿ ಹಗ್ಗ ಹಿಡಿದು ನಿಂತಳು. ಮೋನಪ್ಪ ಒಂದು ಗಂಟು ಹಾಕಿದ.

ಬಾವಿಯ ಹತ್ತಿರ ಕಲ್ಲವ್ವನಿಗೆ ಮಾತು ತಪ್ಪಲಿಲ್ಲ. ಮುಪ್ಪಿನ ಅತ್ತೀನ ದಿನಾ ದುಡಿಸಿದಂಗ ಎಬ್ಬಿಸತಾಳ, ಎಂದು ಒಬ್ಬಳೆಂದರೆ, ಕಾಲಿಗೆ ಮಣ್ಣು ಹಚ್ಚಿ ಕಳಿಸಾಕತ್ತಾಳ, ಎಂದು ಇನ್ನೊಬ್ಬಳು. ಕಲ್ಲವ್ವ ಅಳುತ್ತ ಬಂದು ಅತ್ತೆಗೆ ಹೇಳಿದಳಂತೆ. ನಿಂಬೆವ್ವ, ಅವರ ಅತ್ತ್ಯಾರು ಎಲ್ಲಿ ಅದಾರ ಕೇಳು, ಎಂದಳಂತೆ. ಕಲ್ಲವ್ವ ಮತ್ತೆ ಅಳಲಿಲ್ಲ.

ಎರಡನೆಯ ತಿಂಗಳು ಕೆಟ್ಟದಾಗಿ ಬಂತು. ನಿಂಬೆವ್ವನಿಗೆ ಜ್ವರ. ಆರು ದಿನ ಏಳಲಿಲ್ಲ. ಏಳನೆಯ ದಿನ ನಿಲ್ಲಲು ಹೋದಾಗ ಕಾಲು ಗಡಗಡ ನಡುಗಿ ಕುಸಿದು ಕುಳಿತಳು. ಆರು ದಿನ ಮಲಗಿದ್ದು ಇಪ್ಪತ್ತು ದಿನದ ಕಸುವನ್ನು ತಿಂದಿತ್ತು. ಊರೆಲ್ಲ, ಆತು, ಬಡಿಗ ಮೂಟೆ ಕಟ್ಟಲಿ, ಎಂದಿತು. ಗೌಡ ಬಂದು, ಸಾಕು ಮಾಡು ಮೋನಪ್ಪಾ, ಎಂದ. ಮೊದಲಿನ ಸಿಟ್ಟು ಇರಲಿಲ್ಲ. ಬೇಡಿಕೊಂಡಂತೆ ಇತ್ತು. ಮೋನಪ್ಪನ ಕಣ್ಣ ಮುಂದೆ ಬಸಲಿಂಗಜ್ಜ ಬಂದಿರಬೇಕು. ಅವನು ಮತ್ತೆ ನಿಂಬೆವ್ವನ ಎರಡೂ ಕಾಲು ಜೋಡಿಸಿ ನೋಡಿದ. ಸಮ ಇದ್ದವು. ಅವಳ ಮುಖ ನೋಡಿದ, ಈ ಸಲ ಅವನೇ ಕೇಳಿದ: ಸಾಕು ಮಾಡೋಣೇನ್ರಿ ಅವ್ವಾರ? ನಿಂಬೆವ್ವ ತೊಲೆಯ ಹಗ್ಗಕ್ಕೆ ಕೈ ಚಾಚಿದಳು.

ಮತ್ತೆ ಮೊದಲಿನಿಂದ ಶುರು. ಒಂದು ಸೇರು ಜೋಳದ ಹೊತ್ತು. ಮರುದಿನ ಒಂದು ಹಿಡಿ ಹೆಚ್ಚು. ಎರಡನೆಯ ಗಂಟು ಬಿತ್ತು.

ಮೂರನೆಯ ಅಮಾವಾಸ್ಯೆಗೆ ಇನ್ನು ಎರಡು ದಿನ ಇತ್ತು. ಹೊತ್ತು ಏರುತ್ತಿತ್ತು. ಮೋನಪ್ಪ ಅಂಗಳದಲ್ಲಿ ನೇಗಿಲು ಕೆತ್ತುತ್ತಿದ್ದ. ಓಣಿಯ ತುದಿಯಲ್ಲಿ ಗದ್ದಲವಾಯಿತು. ತಲೆ ಎತ್ತಿ ನೋಡಿದರೆ, ಗೌಡರ ಮನೆಯ ನಾಲ್ಕು ಆಳುಗಳು ಆ ಹೊರಸನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ಹಿಂದೆ ಜನ. ಹಗ್ಗ ಇದೆಯೋ ಇಲ್ಲವೋ ದೂರಕ್ಕೆ ಕಾಣಲಿಲ್ಲ; ದೊಡ್ಡ ಮನೆಯ ಹೊರಸು ಹೀಗೆ ಜನರ ಜೊತೆ ಬಂದರೆ ಹೊಳೆಗುಪ್ಪಿಯಲ್ಲಿ ಅದಕ್ಕೆ ಒಂದೇ ಅರ್ಥ. ಮನೆಗಳಿಂದ ಹೆಂಗಸರು ಹೊರಗೆ ಬಂದು ಬಾಯಿಗೆ ಸೆರಗು ಹಚ್ಚಿಕೊಂಡರು. ಮೋನಪ್ಪ ಎದ್ದು ನಿಂತ. ಬಾಚಿಯನ್ನು ನೀರಲ್ಲಿ ತೊಳೆದ, ಹೆಗಲ ಮೇಲಿನ ವಲ್ಲಿಯಿಂದ ಒರೆಸಿದ, ಎರಡೂ ಕೈಯಲ್ಲಿ ಹಿಡಿದುಕೊಂಡು ಗೌಡರ ಕಟ್ಟೆಯ ಕಡೆ ನಡೆಯಲು ಹೊರಟ.

ಆಳುಗಳು ಹೊರಸನ್ನು ಇಳಿಸಿದರು. ಜನ ಎರಡು ಕಡೆ ಸರಿದರು. ಸರಿದ ಜನರ ನಡುವೆ, ಒಂದು ಕೈ ಕೋಲಿನ ಮೇಲೆ, ಒಂದು ಕೈ ಕಲ್ಲವ್ವನ ಹೆಗಲ ಮೇಲೆ, ಹೆಜ್ಜೆಗೊಮ್ಮೆ ನಿಂತು, ಹೆಜ್ಜೆಗೊಮ್ಮೆ ಬೈಯುತ್ತ, ನಿಂಬೆವ್ವ ಬಂದಳು. ಪಾದ ಪೂರ್ತಿ ಮಣ್ಣಾಗಿತ್ತು.

"ಮೋನ್ಯಾ, ಎಂಥಾ ಹಗ್ಗ ಹಾಕೀಯೋ? ಮೂರು ತಿಂಗಳು ತಡೀಲಿಲ್ಲ. ಅಂಚು ಹರದು ಹ್ವಾತು ನೋಡು. ಇವತ್ತ ಹೆಣದು ಕೊಡು, ಕಳ್ಳ ಬಡಿಗ."

ಮೋನಪ್ಪ ಬಾಗಿ ಹಗ್ಗ ಮುಟ್ಟಿ ನೋಡಿದ. ಎರಡು ಸುತ್ತಿನ ಅಂಚು ಸವೆದು, ಎಳೆ ಎಳೆಯಾಗಿ ಹರಿದಿತ್ತು. ನಡು ಬಿಗಿಯಾಗಿತ್ತು. ಅವನು ಬಾಚಿಯನ್ನು ನೆಲದ ಮೇಲಿಟ್ಟು, ಎಲ್ಲರ ಮುಂದೆ ಮಗುವಿನಂತೆ ಅತ್ತ ಎನ್ನುತ್ತಾರೆ. ಅವನ ಬಾಯಲ್ಲಿ ಒಂದೇ ಮಾತು ಬಂತಂತೆ: ಒಲಿ ತನಕಾ ಬಿಡಬೇಕಿತ್ತು ನಾನು. ಯಾರಿಗೂ ಅರ್ಥವಾಗಲಿಲ್ಲ. ನಿಮಗೆ ಆಗಿದೆ.

ಗೌಡ ಎಲ್ಲರಿಗಿಂತ ಹಿಂದೆ ಬಂದ. ಹರಿದ ಅಂಚನ್ನು ಕೈಯಿಂದ ಸವರಿ ನೋಡಿದ. ಕಟ್ಟೆಯ ಮೇಲೆ ಆಡಿದ ಮಾತು ಅವನಿಗೂ ನೆನಪಿತ್ತು. ಕಣ್ಣು ಒರೆಸಿಕೊಂಡ, ಆದರೂ ತನ್ನ ಸ್ವಭಾವ ಬಿಡಲಿಲ್ಲ.

"ಒಬ್ಬಾಕಿಯಿಂದ ಆತು ಅನ್ನಬ್ಯಾಡ ಮೋನಪ್ಪಾ. ನಮ್ಮವ್ವ ಹಟಮಾರಿ, ಅದಕ್ಕ ಎದ್ದಿರಬಹುದು. ಇನ್ನೂ ಹತ್ತು ಮಂದೀನ ಎಬ್ಬಿಸಿ ನೋಡು. ಬಾಗಿಲಾ ಹಾಕಿದ ಮನಿಗೆ ನಾ ಬರ್ತೀನಿ ನಿನ್ನ ಸಂಗಾಟ."

"ಅದನ್ನ ನಾನೂ ಹೇಳಬೇಕಂತಿದ್ದೆ ಗೌಡ್ರ," ಎಂದ ಮೋನಪ್ಪ.

ಆಮೇಲೆ ಅವರಿಬ್ಬರೂ ಅಮಾವಾಸ್ಯೆ ಅಮಾವಾಸ್ಯೆ ಮನೆ ಮನೆ ತಿರುಗಿದರು. ಒಬ್ಬ ಎಬ್ಬಿಸುವುದು, ಇನ್ನೊಬ್ಬ ಅನುಮಾನ ಪಡುವುದು. ಎಲ್ಲರೂ ಎದ್ದರು ಎಂದು ಹೇಳುವವರಿದ್ದಾರೆ. ಸುಳ್ಳು. ಕೆಲವರು ಏಳಲಿಲ್ಲ, ಕೆಲವರು ಎದ್ದೂ ಸತ್ತರು. ಆದರೆ ಎಡಗೋಡೆಯ ಹೊಸ ಗೂಟಗಳು ಒಂದೊಂದಾಗಿ ಖಾಲಿ ಉಳಿಯತೊಡಗಿದವು. ಅದು ಸುಳ್ಳಲ್ಲ.

ನಿಂಬೆವ್ವ ಇನ್ನೂ ನೂರು ಗಂಟು ಬದುಕಿದಳು ಎನ್ನುತ್ತಾರೆ. ನಾನು ಕೇಳಿದ್ದು ಎಂಬತ್ತೊಂದು. ಮೋನಪ್ಪ ಮುದುಕನಾಗಿ, ತಾನೂ ಒಂದು ದಿನ ಬಿದ್ದ. ಊರಿನವರು ಬಂದು ಅವನ ಕಾಲು ಜೋಡಿಸಿ ನೋಡಿ, ಕೈ ಹಿಡಿದು ಎಬ್ಬಿಸಿದರು. ಅವನು ಹಗ್ಗ ಹಿಡಿದು ನಿಂತಲ್ಲೇ ಪ್ರಾಣ ಬಿಟ್ಟ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಕುಳಿತೇ ಹೋಗಿರಬೇಕು. ಅಂಚಿನ ಮೇಲೆ.

ಹೊಳೆಗುಪ್ಪಿಯಲ್ಲಿ ಇವತ್ತಿಗೂ ಹಿರಿಯರು ಬಿದ್ದರೆ, ನೋಡಲು ಬಂದವರು ಕೂರುವ ಮೊದಲು ಅವರ ಎರಡೂ ಕಾಲು ಜೋಡಿಸಿ ನೋಡುತ್ತಾರೆ. ಆಮೇಲೆ, ಏನು ಬೇಕು ಎಂದು ಅವರನ್ನೇ ಕೇಳುತ್ತಾರೆ. ಹೊಲದಿಂದ ಒಂದು ಬುಟ್ಟಿ ಮಣ್ಣು ತಂದು ಮಂಚದ ಮುಂದೆ ಹರಡುತ್ತಾರೆ. ನೆಲಕ್ಕೆ ಕಲ್ಲು ಹಾಸಿದ ಮನೆಗಳಲ್ಲೂ ತರುತ್ತಾರೆ. ಕಿರಿಯರು ಪಾದ ಮುಟ್ಟಿ ನಮಸ್ಕಾರ ಮಾಡಿದಾಗ ಹಿರಿಯರು ಹರಸುವುದು ಎಲ್ಲ ಕಡೆ ಇದೆ. ಅಲ್ಲಿ ಮಾತ್ರ ಕಿರಿಯರೂ ತಿರುಗಿ ಹರಸುತ್ತಾರೆ: ಅಂಚು ಸವೀಲಿ, ನಡು ಜಗ್ಗದಿರಲಿ.

ಮೋನಪ್ಪನ ಮನೆತನದವರು ಇನ್ನೂ ಆ ಗೂಟಗಳನ್ನು ಉಳಿಸಿಕೊಂಡಿದ್ದಾರೆ. ನೋಡಲು ಹೋದವರೆಲ್ಲ ನಿಂಬೆವ್ವನ ಉದ್ದದ ಹಗ್ಗ ಎಲ್ಲಿ ಎಂದು ಕೇಳುತ್ತಾರೆ. ಅವರು ಅದನ್ನು ಕೂಡಲೇ ತೋರಿಸುವುದಿಲ್ಲ. ಮೊದಲು ಬಾಗಿಲ ಮೇಲೆ ನೋಡಿ ಎನ್ನುತ್ತಾರೆ. ಅಲ್ಲಿ ಮಸಿ ಹಿಡಿದ ಹಗ್ಗ ಒಂದು ಇದೆ, ಒಂದೇ ಗಂಟಿನದು. ಅದರ ಪಕ್ಕದಲ್ಲಿ ಹುರಿ ಬಿಚ್ಚದ, ಹೊಸದರಂತೆ ಇರುವ ಇನ್ನೊಂದು ಹಗ್ಗ ಇದೆ, ಎರಡು ಗಂಟಿನದು. ಇವೆರಡನ್ನೂ ನೋಡಿ, ಯಾರವು ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಒಳಗೆ ಕರೆಯುತ್ತಾರೆ.